ಕೇಳಿದ್ರೆ ಅಲ್ವಾ ಹೇಳುದು: ಗುಡ್ಡದ ಬದಿಯ ಶಾಲೆ ಕಟ್ಟಡವೊಂದರ ಪ್ರಕರಣ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಆಸುಪಾಸಿನ ಒಂದು ಗುಡ್ಡದ ಇಳಿಜಾರಿನಲ್ಲಿ ಅನುದಾನಿತ ಶಾಲೆಯೊಂದಕ್ಕೆ ಹೊಸ ಕಟ್ಟಡ ಕಟ್ಟಿದರು. ಎರಡು ಮಹಡಿ, ಎಂಟು ತರಗತಿ ಕೋಣೆ, ಮುಂದೆ ಉದ್ದಕ್ಕೆ ಜಗಲಿ. ಕಾಂಕ್ರೀಟ್ ಕಂಬ, ತೊಲೆ. ನಡುವೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಗೋಡೆ. ನಮ್ಮ ಕಡೆ ದಿನಾ ಕಾಣುವ ಕೆಲಸವೇ. ಆಡಳಿತ ಸಮಿತಿಯವರು ತಾಂತ್ರಿಕ ಸಲಹೆಗೆ ನನ್ನನ್ನು ಇಟ್ಟುಕೊಂಡಿದ್ದರು. ಊರು, ಜನ ಗುರುತು ಸಿಗದ ಹಾಗೆ ಬರೆಯುತ್ತಿದ್ದೇನೆ. ಗುರುತಿನಿಂದ ಯಾರಿಗೂ ಪ್ರಯೋಜನವಿಲ್ಲ.

ಈ ಕೆಲಸ ಎಷ್ಟು ಕೈಗಳಲ್ಲಿ ಹಂಚಿಹೋಗಿತ್ತು ಎಂಬುದನ್ನು ಮೊದಲು ಹೇಳಬೇಕು. ಸಮಿತಿಗೆ ಒಬ್ಬ ಕಂಟ್ರಾಕ್ಟರು. ಅವರ ಕೈಕೆಳಗೆ ಎಲ್ಲವೂ ತುಂಡು ಗುತ್ತಿಗೆ. ಕಲ್ಲು ಕಟ್ಟುವ ಮೇಸ್ತ್ರಿ ನಮ್ಮವರು, ಮನೆಮಾತು ತುಳು, ಕೂಲಿ ಕಲ್ಲಿನ ಲೆಕ್ಕದಲ್ಲಿ. ಕಾಂಕ್ರೀಟಿಗೆ ಅಚ್ಚು, ಆಧಾರ ಕಟ್ಟುವ ಸೆಂಟ್ರಿಂಗ್ ತಂಡ ಚೆರ್ಕಳದ ಕಡೆಯದು, ಮಾತು ಮಲಯಾಳ, ಹಣ ಚದರಡಿ ಲೆಕ್ಕದಲ್ಲಿ. ಕಂಬಿ ಕಟ್ಟುವವರು ಬಂಗಾಳದ ಮುರ್ಷಿದಾಬಾದಿನ ಹುಡುಗರು, ಕಿಲೋ ಲೆಕ್ಕ. ಕಾಂಕ್ರೀಟ್ ಹಾಕುವ ದಿನಕ್ಕೆ ಮಿಕ್ಸರ್ ಸಮೇತ ಇನ್ನೊಂದು ತಂಡ ಬಂದು ಸಂಜೆಗೆ ಹೊರಟುಹೋಗುತ್ತದೆ. ವಯರಿಂಗ್, ಪ್ಲಂಬಿಂಗ್‌ನವರು ಬೇರೆ. ಸೈಟಿನ ಇಂಜಿನಿಯರ್ ಪುತ್ತೂರು ಕಡೆಯ ಹುಡುಗಿ, ಕಲಿತು ಹೊರಬಂದು ಹೆಚ್ಚು ಕಾಲವಾಗಿಲ್ಲ, ಚುರುಕು. ನಕ್ಷೆ ಇಂಗ್ಲಿಷಿನಲ್ಲಿ, ಪಂಚಾಯತಿನ ಕಾಗದ ಮಲಯಾಳದಲ್ಲಿ, ಬೈಗುಳ ಮಾತ್ರ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ.

ಸುರಂಗ

ಪಾಯ ತೋಡುವಾಗ ಜೆಸಿಬಿಯ ಬಕೆಟ್ಟು ಒಂದು ಕಡೆ ಒಮ್ಮೆಲೇ ಒಳಗಿಳಿಯಿತು. ನೋಡಿದರೆ ಪೊಳ್ಳು. ಎರಡೂವರೆ ಅಡಿಯಷ್ಟು ಅಗಲ, ಮನುಷ್ಯ ತಲೆತಗ್ಗಿಸಿ ನಡೆಯುವಷ್ಟು ಎತ್ತರ, ಗುಡ್ಡದ ಒಳಕ್ಕೆ ಹೋಗುತ್ತಲೇ ಇತ್ತು. ಹಳೆಯ ಸುರಂಗ.

ಈ ಭಾಗದವರಿಗೆ ಸುರಂಗವನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯವರಿಗೆ ಒಂದು ಮಾತು: ಗುಡ್ಡದ ಬದಿಯಿಂದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದುಕೊಂಡು ಹೋಗಿ, ಒಸರುವ ನೀರನ್ನು ಹೊರಗೆ ಹರಿಸಿಕೊಳ್ಳುವ ಪದ್ಧತಿ ಇದು. ಬಾಯಾರು, ಪಡ್ರೆ, ಎಣ್ಮಕಜೆ ಕಡೆ ಈಗಲೂ ಇಂಥ ನೀರು ಕುಡಿಯುವ ಮನೆಗಳಿವೆ. ಒಬ್ಬ ಪಿಕಾಸಿ ಹಿಡಿದು ಕೊರೆಯುತ್ತಾನೆ, ಇನ್ನೊಬ್ಬ ಮಣ್ಣು ಹೊರಗೆ ಹಾಕುತ್ತಾನೆ. ಬೋರ್‌ವೆಲ್ ಬಂದ ಮೇಲೆ ಎಷ್ಟೋ ಸುರಂಗಗಳನ್ನು ಕೇಳುವವರಿಲ್ಲದಾಯಿತು. ಬಾಯಿಗೆ ಪೊದೆ ಬೆಳೆದರೆ ಹೊಸಬರಿಗೆ ಸುಳಿವೂ ಸಿಗುವುದಿಲ್ಲ.

ಕಟ್ಟಡಕ್ಕೆ ಮೊದಲು ಮಣ್ಣು ನೋಡಿದ್ದೆವು. ಪರೀಕ್ಷೆಗೆಂದು ತೋಡಿದ ಎರಡು ಗುಂಡಿಗಳಲ್ಲೂ ಗಟ್ಟಿ ಮುರಕಲ್ಲೇ ಸಿಕ್ಕಿತ್ತು. ಸುರಂಗ ಅವೆರಡರ ನಡುವೆ ಹಾದುಹೋಗಿತ್ತು. ಎರಡೂವರೆ ಅಡಿಯ ಪೊಳ್ಳನ್ನು ಗುಂಡಿ ತೋಡಿಯೇ ಹಿಡಿಯಬೇಕಾದರೆ ಅದೃಷ್ಟ ಬೇಕು.

ಆದರೆ ಅದೃಷ್ಟದ ಅಗತ್ಯವೇ ಇರಲಿಲ್ಲ. ಸೈಟಿನಲ್ಲಿ ಪೊದೆ ಕಡಿಯಲು, ಆಮೇಲೆ ಕಾಂಕ್ರೀಟಿಗೆ ನೀರು ಬಿಡಲು ಒಬ್ಬ ಅಜ್ಜ ಇದ್ದರು. ಅದೇ ಗುಡ್ಡದ ಕೆಳಗಿನ ಮನೆಯವರು. ಇಂಜಿನಿಯರ್ ಅವರನ್ನು ಕೇಳಿದಳು, ನಾನೂ ಅಲ್ಲೇ ಇದ್ದೆ.

"ಅಜ್ಜ, ನಿಮಗೆ ಇದು ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತ? ನನ್ನ ಅಪ್ಪ ತೋಡಿದ್ದು. ನಾನು ಮಣ್ಣು ಹೊತ್ತವ."

"ಮತ್ತೆ ಹೇಳ್ಲಿಕ್ಕೆ ಆಗ್ಲಿಲ್ವಾ?"

"ಕೇಳಿದ್ರೆ ಅಲ್ವಾ ಮೇಡಂ ಹೇಳುದು. ನೀವೆಲ್ಲ ಮಿಷನ್ ಇಟ್ಟು ನೋಡಿದವರು."

ಕೆಲಸ ಮೂರು ವಾರದ ಹತ್ತಿರ ನಿಂತಿತು. ಮಳೆಗಾಲಕ್ಕೆ ಮೊದಲು ಪಾಯ ಏಳಬೇಕೆಂಬ ಲೆಕ್ಕ ತಪ್ಪಿತು. ಜೂನಿನಿಂದ ಸುರಿಯತೊಡಗಿದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆಯಲ್ಲಿ ತೋಡಿಟ್ಟ ಪಾಯ ಎಂದರೆ ಏನೆಂದು ಕಟ್ಟಿದವರಿಗೆ ಗೊತ್ತು.

ಸಮಿತಿಯ ಸಭೆಯಲ್ಲಿ ಎಲ್ಲರೂ ಅಜ್ಜನ ಉತ್ತರವನ್ನೇ ಹಿಡಿದುಕೊಂಡರು. ಯಾರೂ ಕೇಳಲಿಲ್ಲ, ಹಾಗಾಗಿ ಅವರು ಹೇಳಲಿಲ್ಲ. ಇನ್ನು ಮುಂದೆ ಕೇಳೋಣ. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಅಜ್ಜ ಮಿತಮಾತಿನವರಲ್ಲ. ಚಹಾ ಕುಡಿಯುವಾಗ ಇಡೀ ಊರಿನ ವಂಶಾವಳಿ ಹೇಳಬಲ್ಲರು.

ಹೇಳಿದವನ ತಲೆಗೆ

ನಿಜವಾದ ಕಾರಣ ಮೇಸ್ತ್ರಿಯ ಬಾಯಿಂದ ಬಂತು, ಅದೂ ಬೇರೇನೋ ಮಾತಾಡುವಾಗ. ಪಾಯಕ್ಕೆ ಮಾರ್ಕಿಂಗ್ ಹಾಕಿದ ದಿನ ಅವರು ಮೂರು, ನಾಲ್ಕು, ಐದು ಅಡಿಯ ಲೆಕ್ಕದಲ್ಲಿ ದಾರ ಹಿಡಿದು ನೋಡಿದಾಗ ಒಂದು ಮೂಲೆಮಟ್ಟ (ಲಂಬಕೋನ) ಕೂಡಲಿಲ್ಲ. ತಪ್ಪು ನಕ್ಷೆಯದ್ದಲ್ಲ, ಗೂಟ ಹೊಡೆದವರದ್ದು. ಮೇಸ್ತ್ರಿ ಕಂಟ್ರಾಕ್ಟರಿಗೆ ಫೋನ್ ಮಾಡಿ ತಿಳಿಸಿದರು. ಸಿಕ್ಕಿದ ಉತ್ತರ: "ಸರಿ ಮಾಡಿ, ಆದರೆ ಅದಕ್ಕೆ ಬೇರೆ ಕೂಲಿ ಇಲ್ಲ." ಅದರ ಮೇಲೆ, ಇಷ್ಟು ಹೊತ್ತು ಏನು ನೋಡುತ್ತಿದ್ದಿರಿ ಎಂಬ ಪ್ರಶ್ನೆ ಬೇರೆ. ಅರ್ಧ ದಿನ ಎಲ್ಲ ಗೂಟ ಕಿತ್ತು ಮತ್ತೆ ಹೊಡೆದರು. ದಾರದ ಇನ್ನೊಂದು ತುದಿ ಹಿಡಿದವರು ಯಾರು? ಅಜ್ಜ.

ತಪ್ಪು ತೋರಿಸಿದವನೇ ತಪ್ಪು ತಿದ್ದಬೇಕು, ಬೈಗುಳ ತಿನ್ನಬೇಕು, ಕೂಲಿಯನ್ನೂ ಕಳೆದುಕೊಳ್ಳಬೇಕು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ನಾಲ್ಕು ದಿನ ಕಳೆದು ಪೊದೆ ಕಡಿಯುವಾಗ ಸುರಂಗದ ಬಾಯಿ ಕಂಡರೆ ಅವರು ಯಾಕೆ ಬಾಯಿ ಬಿಟ್ಟಾರು? ಸುರಂಗ ಉಂಟು ಎಂದರೆ "ಹಾಗಾದರೆ ನೀವೇ ಒಳಗೆ ಹೋಗಿ ನೋಡಿ ಬನ್ನಿ" ಎನ್ನುತ್ತಾರೆ ಎಂದು ಅವರಿಗೆ ಅನ್ನಿಸಿದ್ದರೆ ಅದು ತಪ್ಪು ಲೆಕ್ಕವಲ್ಲ.

ಕಟ್ಟಡದ ಕೆಲಸಗಾರರು ಗೊತ್ತಿದ್ದದ್ದನ್ನು ಮುಚ್ಚಿಡುತ್ತಾರೆ, ವಿದ್ಯೆ ಬಿಟ್ಟುಕೊಡುವುದಿಲ್ಲ ಎಂಬ ದೂರು ಇಂಜಿನಿಯರುಗಳ ಬಾಯಲ್ಲಿ ಸದಾ ಇರುತ್ತದೆ. ಈ ಸೈಟಿನಲ್ಲಿ ನಾನು ಕಂಡದ್ದು ಬೇರೆ. ಹೇಳುವುದಕ್ಕೆ ಒಂದು ಬೆಲೆ ಇತ್ತು, ಆ ಬೆಲೆಯನ್ನು ಹೇಳಿದವನೇ ತೆರಬೇಕಿತ್ತು. ಸುಮ್ಮನಿರುವುದಕ್ಕೆ ಬೆಲೆ ಇರಲಿಲ್ಲ. ಇದನ್ನು ತಿರುಗಿಸದೆ ಎಷ್ಟು ಸಭೆ ಮಾಡಿದರೂ ಸುಖವಿಲ್ಲ.

ಆದರೂ ಸಮಿತಿ ಮೊದಲು ಮಾಡಿದ್ದು ಸಭೆಯನ್ನೇ. ಶನಿವಾರ ಸಂಜೆ, ಕೆಲಸ ಬಿಟ್ಟ ಮೇಲೆ. ಬಟವಾಡೆಯ ದಿನ, ಮನೆಗೆ ಹೋಗುವ ಹೊತ್ತು, ಪೆರ್ಲದ ಕಡೆಗೆ ಕೊನೆಯ ಬಸ್ಸಿನ ಚಿಂತೆ. ಅಧ್ಯಕ್ಷರು ಮಾತಾಡಿದರು, ಉಳಿದವರು ಗಡಿಯಾರ ನೋಡಿದರು. ಆಮೇಲೆ ಒಂದು ವಾಟ್ಸಾಪ್ ಗುಂಪು ಆಯಿತು. ಅದರಲ್ಲಿ ಹೂವಿನ ಚಿತ್ರದ ಶುಭೋದಯ, ಯಾರದೋ ಗೃಹಪ್ರವೇಶದ ಕರೆಯೋಲೆ, ಚುನಾವಣೆಯ ಜಗಳ. ಕಂಬಿ ಕೆಲಸದ ಹುಡುಗರು ಕನ್ನಡವನ್ನೂ ಓದಲಾರರು, ಮಲಯಾಳವನ್ನೂ ಓದಲಾರರು. ಸೂಚನೆ ಬರೆಯಿರಿ ಎಂದು ಶೆಡ್ಡಿನಲ್ಲಿ ನೇತುಹಾಕಿದ ಪುಸ್ತಕದಲ್ಲಿ ಸಿಮೆಂಟ್ ಲೋಡಿನ ಲೆಕ್ಕ ಮಾತ್ರ ತುಂಬಿತು.

ಕೆಲಸಗಾರರ ಮಾತು ಕೇಳುವ ವಿಷಯ ಬಂದಾಗ ಕೇರಳದಲ್ಲಿ ಎಲ್ಲರೂ ವಾಸ್ತುಶಿಲ್ಪಿ ಲಾರಿ ಬೇಕರ್ ಹೆಸರು ತೆಗೆಯುತ್ತಾರೆ. ಮೇಸ್ತ್ರಿಗಳ ಜೊತೆ ನಿಂತು, ಸಿಕ್ಕಿದ ಕಾಗದದ ಚೂರಿನಲ್ಲಿ ಗೀಟು ಹಾಕಿ ಕಟ್ಟಿಸಿದವರು ಅವರು. ಅದು ನಿಜ. ಆದರೆ ಬೇಕರ್ ತಾವೇ ಸೈಟಿನಲ್ಲಿ ಇರುತ್ತಿದ್ದರು, ಕೆಲಸವೂ ಅವರದೇ ಕೈಯಲ್ಲಿತ್ತು. ಕಿಲೋ, ಚದರಡಿ, ಕಲ್ಲು ಎಂದು ಮೂರು ತುಂಡಾಗಿ ಗುತ್ತಿಗೆ ಕೊಟ್ಟ ಸೈಟಿಗೆ ಅವರ ಉದಾಹರಣೆ ಕೊಡುವುದು ಸಮಿತಿಯವರಿಗೆ ಸುಲಭ, ಮೇಸ್ತ್ರಿಗೆ ಪ್ರಯೋಜನವಿಲ್ಲ.

ನೀರಿಗೆ ದಾರಿ

ಬದಲಾವಣೆ ಸುರಂಗದಿಂದಲೇ ಶುರುವಾಯಿತು. ಪಾಯದ ಕೆಳಗೆ ಬರುವಷ್ಟು ಭಾಗವನ್ನು ಕಾಂಕ್ರೀಟ್ ತುಂಬಿಸಿ ಮುಚ್ಚುವುದೆಂದು ನಕ್ಷೆ ತಯಾರಾಗಿತ್ತು. ಅದನ್ನು ಅಂತಿಮ ಮಾಡುವ ಮೊದಲು ಇಂಜಿನಿಯರ್ ಅಜ್ಜನನ್ನು ಕರೆದುಕೊಂಡು ಗುಡ್ಡ ಹತ್ತಿದಳು. ಆ ದಿನ ಅವರಿಗೆ ನೀರು ಬಿಡುವ ಕೆಲಸವಿಲ್ಲ, ಪೂರ್ತಿ ದಿನದ ಕೂಲಿ ಉಂಟು ಎಂದು ಮೊದಲೇ ಹೇಳಿದ್ದೆವು. ಸುರಂಗ ಎಲ್ಲಿ ತಿರುಗುತ್ತದೆ, ಕವಲು ಎಲ್ಲಿ, ಅಪ್ಪ ಎಷ್ಟು ಕೋಲು ತೋಡಿ ನಿಲ್ಲಿಸಿದ್ದರು, ಎಲ್ಲವನ್ನೂ ಅವರು ನೆಲದ ಮೇಲೆ ಕಾಲಿನಿಂದ ಗೀಟು ಎಳೆದು ತೋರಿಸಿದರು. ಕೋಲು ಎಂದರೆ ನಮ್ಮ ಅಳತೆಯಲ್ಲಿ ಎರಡೂವರೆ ಅಡಿಯ ಹತ್ತಿರ. ಆಕೆ ಹಿಂದಿನಿಂದ ಸುಣ್ಣದ ಪುಡಿ ಹಾಕುತ್ತಾ ಹೋದಳು.

ಕೊನೆಗೆ ನಕ್ಷೆಯ ವಿಷಯ ಹೇಳಿದಾಗ ಅಜ್ಜ ಒಪ್ಪದೆ ತಲೆಯಾಡಿಸಿದರು. "ಬಾಯಿ ಕಟ್ಟಿದ್ರೆ ನೀರು ಸುಮ್ಮನೆ ಕೂತ್ಕೊಳ್ತದಾ? ಬೇರೆ ದಾರಿ ನೋಡ್ತದೆ."

ಇದು ಚಿಕ್ಕ ಮಾತಲ್ಲ. ಮೇಲೆ ಗಟ್ಟಿ ಮುರಕಲ್ಲು ಇದ್ದರೂ ಅದರಡಿಯಲ್ಲಿ ಶೇಡಿ ಮಣ್ಣಿನ ಪದರ ಇರುತ್ತದೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬೆಣ್ಣೆ. ಮಳೆಗಾಲದಲ್ಲಿ ನಮ್ಮ ಗುಡ್ಡಗಳು ಜಾರುವುದರಲ್ಲಿ ಈ ಪದರದ ಪಾತ್ರ ದೊಡ್ಡದು. ಸುರಂಗವನ್ನು ಪೂರ್ತಿ ಬಿಗಿದಿದ್ದರೆ ಗುಡ್ಡದೊಳಗೆ ನಿಂತ ನೀರು ಪಾಯದಡಿಯ ಶೇಡಿಯನ್ನೇ ನೆನೆಸುತ್ತಿತ್ತು. ನಕ್ಷೆ ಬದಲಾಯಿತು: ತುಂಬಿಸುವ ಕಾಂಕ್ರೀಟಿನ ತಳದಲ್ಲಿ ತೂತಿನ ಪೈಪು, ಅದರ ಸುತ್ತ ಜಲ್ಲಿ, ನೀರು ಕಟ್ಟಡದ ಕೆಳಬದಿಯಲ್ಲಿ ಹೊರಬರುವಂತೆ. ಆ ಸಾಲಿನ ಎರಡು ಕಂಬದ ಪಾಯವನ್ನು ಬದಿಗೆ ಸರಿಸಿದೆವು, ಮೇಲೆ ತೊಲೆ ದಪ್ಪವಾಯಿತು. ಬದಲಾದ ನಕ್ಷೆಯ ಮೂಲೆಯಲ್ಲಿ, ಸುರಂಗದ ದಾರಿ ತೋರಿಸಿದವರು ಎಂದು ಅಜ್ಜನ ಹೆಸರು ಬರೆಸಿದೆ. ಅವರಿಗೆ ಓದಲು ಬರುವುದಿಲ್ಲ. ಮೊಮ್ಮಗಳಿಂದ ಓದಿಸಿದರಂತೆ.

ಸೈಟಿನವರು ಗಮನಿಸಿದ್ದು ಆ ಹೆಸರನ್ನಲ್ಲ, ಕೂಲಿಯನ್ನು. ಗುಡ್ಡ ಸುತ್ತಿ ಮಾತಾಡಿದ್ದಕ್ಕೆ ಅಜ್ಜನಿಗೆ ಕೂಲಿ ಕೊಟ್ಟರಂತೆ ಎಂಬ ಸುದ್ದಿ ಒಂದೇ ದಿನದಲ್ಲಿ ನಾಲ್ಕು ಭಾಷೆಯಲ್ಲಿ ಹರಡಿತು.

ಅಲ್ಲಿಂದ ಸಭೆಯನ್ನು ಬೆಳಿಗ್ಗೆಗೆ ತಂದೆವು. ಕೆಲಸ ಶುರುವಾಗುವ ಹೊತ್ತಿಗೆ ಹದಿನೈದು ನಿಮಿಷ, ಕೂಲಿಯ ಸಮಯದೊಳಗೆ. ಲೆಕ್ಕದ ಮೇಲೆ ದುಡಿಯುವವರಿಗೆ ಆ ಹೊತ್ತಿನ ಹಣ ಬೇರೆ. ಕಂಟ್ರಾಕ್ಟರು ಗೊಣಗಿದರು; ಸಮಿತಿ ಅದನ್ನು ತಾನೇ ಕೊಡುತ್ತೇನೆಂದ ಮೇಲೆ ಒಪ್ಪಿದರು. ಭಾಷಣ ಇಲ್ಲ. ಇವತ್ತು ಯಾವ ಕೆಲಸ, ಅದರಲ್ಲಿ ಯಾರಿಗೆ ಏನು ಸರಿ ಕಾಣುತ್ತಿಲ್ಲ, ಇಷ್ಟೇ. ತೋರಿಸಿದ ತಪ್ಪು ಯಾರದ್ದೇ ಇರಲಿ, ಅದನ್ನು ತಿದ್ದುವ ಕೆಲಸಕ್ಕೆ ಕೂಲಿ ಉಂಟು ಎಂದು ಮೊದಲ ದಿನವೇ ಹೇಳಿದೆವು. ಮಾತನ್ನು ಅತ್ತಿತ್ತ ದಾಟಿಸಲು ಸೆಂಟ್ರಿಂಗ್ ತಂಡದ ಒಬ್ಬ ಬ್ಯಾರಿ ಹುಡುಗ ಸಿಕ್ಕಿದ. ಮಲಯಾಳ, ತುಳು, ಕನ್ನಡ, ಸಾಕಷ್ಟು ಹಿಂದಿ, ಎಲ್ಲವೂ ಅವನಿಗೆ ನೀರು ಕುಡಿದ ಹಾಗೆ. ವಾಟ್ಸಾಪ್ ಗುಂಪಿನಲ್ಲಿ ಫೋಟೋ ಮತ್ತು ಧ್ವನಿ ಮಾತ್ರ, ಅದೂ ಮರುದಿನದ ಕೆಲಸದ ವಿಷಯ ಮಾತ್ರ ಎಂದಾಯಿತು. ಓದಲು ಬರೆಯಲು ಬಾರದವರು ಅದರಲ್ಲಿ ಮಾತಾಡತೊಡಗಿದರು.

ಕಂಬಿ ಮೇಲೋ ಕೆಳಗೋ

ಇದರ ಫಲ ಎದ್ದು ಕಂಡದ್ದು ಜಗಲಿಯ ಸ್ಲ್ಯಾಬಿನಲ್ಲಿ. ಅದು ತೊಲೆಯಿಂದ ಹೊರಚಾಚಿದ ಸ್ಲ್ಯಾಬು, ತುದಿಗೆ ಕಂಬದ ಆಧಾರ ಇಲ್ಲ. ಅಂಥದ್ದರಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿ ಇರಬೇಕು. ತುಳಿದು ಕೆಳಗಿಳಿಸಿದರೆ ಸೆಂಟ್ರಿಂಗ್ ಬಿಚ್ಚಿದ ದಿನವೇ ಬಾಗಬಹುದು, ಬೀಳಲೂಬಹುದು. ಕಂಬಿಯನ್ನು ಮೇಲೆ ಹಿಡಿದಿಡಲು ಅದರ ಕೆಳಗೆ ಕುರ್ಚಿಯ ಆಕಾರದಲ್ಲಿ ಬಗ್ಗಿಸಿದ ಚೇರ್ ಕಂಬಿ ಕೊಡುತ್ತಾರೆ.

ಆ ಬೆಳಿಗ್ಗೆ ಕಂಬಿ ತಂಡದ ಹಿರಿಯ, ಎಲ್ಲರೂ ಭಾಯಿ ಎನ್ನುವವನು, ಮಾತಿಗೆ ಬದಲು ಸಿಮೆಂಟ್ ಚೀಲದ ಒಂದು ತುಂಡನ್ನು ತಂದ. ಅದರ ಒಂದು ಅಂಚನ್ನು ಮೇಜಿನ ಮೇಲೆ ಇಟ್ಟಿಗೆಯಿಂದ ಒತ್ತಿ, ಇನ್ನೊಂದು ಅಂಚನ್ನು ಹೊರಗೆ ಚಾಚಿ, ತುದಿಯಲ್ಲಿ ಒಂದು ಜಲ್ಲಿಕಲ್ಲು ಇಟ್ಟ. ಚೀಲ ಜೋತುಬಿತ್ತು. ಮಡಿಕೆ ಬಿದ್ದ ಜಾಗದ ಮೇಲ್ಮೈಯನ್ನು ಬೆರಳಲ್ಲಿ ಮುಟ್ಟಿ "ಇಧರ್ ಫಟೇಗಾ", ಇಲ್ಲಿ ಬಿರಿಯುತ್ತದೆ, ಎಂದ. ಆಮೇಲೆ ಕಾಂಕ್ರೀಟ್ ತಂಡದ ಕಡೆ ಕೈ ತೋರಿಸಿ, ಬೂಟುಗಾಲಿನಲ್ಲಿ ತುಳಿಯುವ ಅಭಿನಯ ಮಾಡಿದ. ಎಲ್ಲರಿಗೂ ತಿಳಿಯಿತು. ಕಾಲೇಜಿನಲ್ಲಿ ಇದನ್ನು ಎರಡು ತರಗತಿ ತೆಗೆದು ಕಲಿಸುತ್ತಾರೆ.

ಈ ಅಪಾಯ ಅವನಿಗೆ ಹೊಸತಾಗಿರಲಿಲ್ಲ. ಹಿಂದಿನ ಎಷ್ಟೋ ಸೈಟಿನಲ್ಲಿ ಕಂಡಿದ್ದ. ಆದರೆ ಕಂಬಿ ಕಟ್ಟಿ ಇಂಜಿನಿಯರ್ ನೋಡಿದಲ್ಲಿಗೆ ಅವನ ಬಿಲ್ಲು ಮುಗಿಯುತ್ತದೆ. ಮರುದಿನ ಇನ್ನೊಂದು ತಂಡ ಬಂದು ತುಳಿದರೆ ಅದು ಅವನ ಬಾಬತ್ತಲ್ಲ. ಹಾಗಾಗಿ ಕಾಂಕ್ರೀಟ್ ಹಾಕುವ ದಿನ ಕಂಬಿ ತಂಡದ ಒಬ್ಬ ಮೇಲೆಯೇ ನಿಂತಿರಬೇಕು, ಕೆಳಗಿಳಿದ ಕಂಬಿಯನ್ನು ಎತ್ತಿ ಕಟ್ಟಬೇಕು, ಅವನಿಗೆ ಆ ದಿನದ ಪೂರ್ತಿ ಕೂಲಿ ಎಂದು ಗೊತ್ತುಮಾಡಿದೆವು. ನಡೆದಾಡಲು ಹಲಗೆ ಹಾಸಿದರು. ಈ ಇಡೀ ಕಟ್ಟಡದಲ್ಲಿ ಖರ್ಚು ಮಾಡಿದ ಅತಿ ಅಗ್ಗದ ಹಣ ಅದೇ ಎಂದು ನಾನು ಈಗಲೂ ಹೇಳುತ್ತೇನೆ.

ತಿಳಿವಳಿಕೆ ಮೇಲಿನಿಂದ ಕೆಳಕ್ಕೂ ಹರಿಯಬೇಕಿತ್ತು. ಸೆಂಟ್ರಿಂಗ್‌ನವರಿಗೆ ಮನೆಗಳ ಸಣ್ಣ ಕೋಣೆಯ ಅಭ್ಯಾಸ, ಏಳು ದಿನಕ್ಕೆ ಬಿಚ್ಚುವವರು. ಶೀಟು, ಜಾಕಿ ಬಾಡಿಗೆಯದ್ದು, ದಿನ ಹೆಚ್ಚಾದಷ್ಟು ನಷ್ಟ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆಯ ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಆಧಾರವನ್ನು ಏಳು ದಿನಕ್ಕೆ ತೆಗೆಯಬಹುದು, ಅದಕ್ಕಿಂತ ದೊಡ್ಡದಾದರೆ 14 ದಿನ ಬೇಕು. ತೊಲೆ 6 ಮೀಟರ್‌ವರೆಗೆ 14 ದಿನ, ಮೇಲಾದರೆ 21. ಈ ಲೆಕ್ಕವೂ ಸಾಮಾನ್ಯ ಪೋರ್ಟ್‌ಲ್ಯಾಂಡ್ (ಓಪಿಸಿ) ಸಿಮೆಂಟಿಗೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು ನಿಧಾನಕ್ಕೆ ಬಲ ಹಿಡಿಯುವುದರಿಂದ ಇನ್ನೂ ಸ್ವಲ್ಪ ಕಾಯುವುದು ಕ್ಷೇಮ. ಇದನ್ನು ಬೋರ್ಡಿನಲ್ಲಿ ಬರೆದು ಪಾಠ ಮಾಡುವ ಬದಲು, ಪ್ರತಿ ಸ್ಲ್ಯಾಬಿನ ಕೆಳಗಿನ ಕಂಬಕ್ಕೆ ಕೆಂಪು ಪೈಂಟಿನಲ್ಲಿ ಎರಡು ತಾರೀಕು ಬರೆದರು: ಹಾಕಿದ್ದು, ಬಿಚ್ಚುವುದು. ಅಂಕಿ ಎಲ್ಲ ಭಾಷೆಯವರಿಗೂ ಒಂದೇ. ಬಾಡಿಗೆಯ ಹೆಚ್ಚುವರಿ ದಿನಗಳನ್ನು ರೇಟಿನಲ್ಲಿ ಸೇರಿಸಿಕೊಟ್ಟ ಮೇಲೆ ಜಗಳವೂ ಉಳಿಯಲಿಲ್ಲ.

ಮೇಸ್ತ್ರಿಯ ಕಲ್ಲು

ಕಷ್ಟವಾದದ್ದು ಮೇಸ್ತ್ರಿಯ ವಿಷಯ.

ಮುರಕಲ್ಲು ಗುರುತಿಸುವುದರಲ್ಲಿ ಅವರದು ಎತ್ತಿದ ಕೈ. ಲಾರಿಯಿಂದ ಇಳಿಸುವಾಗ ಬಾಚಿಯ ಹಿಂಬದಿಯಿಂದ ಒಂದು ಪೆಟ್ಟು. ಟಣ್ ಎಂದರೆ ಗೋಡೆಗೆ, ಬೊದ್ದು ಸದ್ದು ಬಂದರೆ ಬದಿಗೆ. ಬಿಳಿ ಶೇಡಿಯ ಗಂಟು ಕಂಡರೆ ಕೈಯಲ್ಲೂ ಮುಟ್ಟುವುದಿಲ್ಲ. ಈಗಷ್ಟೇ ಕಡಿದು ತಂದ ಕಲ್ಲು ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿಟ್ಟಷ್ಟು ಗಟ್ಟಿಯಾಗುತ್ತದೆ ಎಂದು ಬೇಸಗೆಯಲ್ಲೇ ಕಲ್ಲು ತರಿಸಿ ಒಟ್ಟಿಡಿಸಿದ್ದರು. ಮುರಕಲ್ಲಿನ ಐಎಸ್ 3620 ಮಾನಕ ಬಲಕ್ಕೂ ನೀರು ಹೀರುವುದಕ್ಕೂ ಮಿತಿ ಹೇಳುತ್ತದೆ, ಅದು ಪ್ರಯೋಗಾಲಯದ ಮಾತು. ಲಾರಿ ನಿಂತಿರುವಾಗ ಬೇಕಾದದ್ದು ಮೇಸ್ತ್ರಿಯ ಕಿವಿ. ಕೈಯಲ್ಲಿ ಕಡಿಯುತ್ತಿದ್ದ ಕಾಲದಲ್ಲಿ ಕೆಟ್ಟ ಕಲ್ಲನ್ನು ಕಲ್ಲುಕೋರೆಯಲ್ಲೇ ಬಿಡುತ್ತಿದ್ದರು, ಕಡಿಯುವವನ ಕೈಗೇ ತಿಳಿಯುತ್ತಿತ್ತು. ಮಿಷನ್ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಅಳತೆಗೆ ಕೊಯ್ದು ಹಾಕುತ್ತದೆ. ಆರಿಸುವ ಭಾರ ಪೂರ್ತಿ ಗೋಡೆ ಕಟ್ಟುವವರ ಮೇಲೆ ಬಂದು ಬಿದ್ದಿದೆ.

ಇದನ್ನು ಹೆಲ್ಪರುಗಳಿಗೆ ಕಲಿಸಿ ಎಂದಾಗ ಅವರು ನೇರವಾಗಿಯೇ ಹೇಳಿದರು. "ಭಾಯಿಗಳಿಗೆ ಕಲಿಸಿದ್ರೆ ಬರುವ ವರ್ಷ ಅವರೇ ಮೇಸ್ತ್ರಿ. ನಾನು ಎಂತ ಮಾಡುದು, ಅಡಿಕೆ ಸುಲಿಯುದಾ?"

ಈ ಭಯವನ್ನು ಸ್ವಾರ್ಥ ಎನ್ನಲು ನನ್ನಿಂದಾಗದು. ಅವರ ಇಬ್ಬರು ಮಕ್ಕಳು ಗಲ್ಫಿನಲ್ಲಿದ್ದಾರೆ, ಬಾಚಿ ಹಿಡಿಯುವವರಲ್ಲ. ಊರಿನ ಹುಡುಗರು ಈ ಕೆಲಸಕ್ಕೆ ಬರುವುದಿಲ್ಲ. ಕಲಿಯಲು ಎದುರಿಗಿರುವವರು ಹೊರಗಿನವರು, ಅವರು ಕಡಿಮೆ ಕೂಲಿಗೂ ಒಪ್ಪುತ್ತಾರೆ. ಸಾಯುವವರೆಗೆ ತನ್ನ ಜೊತೆಯೇ ಇಟ್ಟುಕೊಂಡರೆ ವಿದ್ಯೆ ಹೋಗುತ್ತದೆ, ಕೊಟ್ಟರೆ ಅನ್ನ ಹೋಗುತ್ತದೆ. ಇದಕ್ಕೆ ಉಪದೇಶದಲ್ಲಿ ಉತ್ತರವಿಲ್ಲ.

ನಾವು ಮಾಡಿದ್ದು ಅರೆಬರೆ ಕೆಲಸ. ಕಲ್ಲು ಆರಿಸುವುದನ್ನು ಕಲ್ಲಿನ ಲೆಕ್ಕದಿಂದ ಹೊರಗಿಟ್ಟು, ಲೋಡಿಗೆ ಇಂತಿಷ್ಟು ಎಂದು ಮೇಸ್ತ್ರಿಗೆ ಬೇರೆ ಹಣ ಕೊಟ್ಟೆವು. ಅವರು ತಿರಸ್ಕರಿಸಿದ ಕಲ್ಲಿಗೆ ಕೋರೆಯವರಿಗೆ ದುಡ್ಡಿಲ್ಲ. ಅಲ್ಲಿಗೆ ಅವರ ಮಾತಿಗೆ ತೂಕ ಬಂತು. ಗೇಟಿನ ಹತ್ತಿರ ಒಂದು ಕಟ್ಟೆಯ ಮೇಲೆ ಒಳ್ಳೆಯ ಕಲ್ಲು, ಕೆಟ್ಟ ಕಲ್ಲು ಜೋಡಿಸಿಟ್ಟರು. ಯಾರು ಬೇಕಾದರೂ ಬಡಿದು ಸದ್ದು ಕೇಳಬಹುದು. ಒಬ್ಬ ಹೆಲ್ಪರನನ್ನು, ಮಾಲ್ದಾ ಕಡೆಯ ಹುಡುಗನನ್ನು, ಅವರೇ ಹತ್ತಿರ ಕರೆದುಕೊಂಡರು. ಕಲ್ಲು ಆರಿಸಲು ಕಲಿಸಿದರು, ಮೂಲೆ ಕಟ್ಟಲು ಕಲಿಸಲಿಲ್ಲ. ಮೂಲೆ ಕಟ್ಟಲು ಬಂದವನೇ ಮೇಸ್ತ್ರಿ, ಅದು ಅವರ ಗಡಿ. ಇಂಜಿನಿಯರ್‌ಗೆ ಇದು ಸರಿ ಕಾಣಲಿಲ್ಲ. ನನಗೆ ಅಷ್ಟು ಸಾಕು ಅನ್ನಿಸಿತು.

ಸೋತದ್ದು ವಯರಿಂಗ್, ಪ್ಲಂಬಿಂಗ್‌ನಲ್ಲಿ. ಅವರು ಬೇಕಾದಾಗ ಬಂದು ಹೋಗುವವರು, ಬೆಳಿಗ್ಗೆಯ ಮಾತಿಗೆ ಒಮ್ಮೆಯೂ ಸಿಗಲಿಲ್ಲ. ಮೇಲಿನ ಮಹಡಿಯ ಶೌಚಾಲಯದ ಪೈಪಿಗೆ ಸ್ಲ್ಯಾಬು ಹಾಕುವ ಮೊದಲೇ ತೋಳು, ಅಂದರೆ ಪೈಪು ಹಾಯಲು ಕೊಳವೆಯ ತೂತು, ಬಿಡಬೇಕಿತ್ತು. ಅದು ಪ್ಲಂಬರನಿಗೆ ಗೊತ್ತು, ಸೆಂಟ್ರಿಂಗ್‌ನವರಿಗೆ ಗೊತ್ತಿಲ್ಲ. ಆಮೇಲೆ ಯಂತ್ರ ತಂದು ಸ್ಲ್ಯಾಬು ಕೊರೆದರು. ಒಂದು ಕಡೆ ಕಂಬಿಯೂ ತುಂಡಾಯಿತು, ಅದಕ್ಕೆ ಪಕ್ಕದಲ್ಲಿ ಹೊಸ ಕಂಬಿ ಕೂರಿಸಿ ಸರಿಪಡಿಸಬೇಕಾಯಿತು.

ಈಗ ಶಾಲೆಯ ಎರಡನೇ ಹಂತ, ಊಟದ ಹಾಲ್ ಮತ್ತು ಅಡುಗೆಮನೆ, ಶುರುವಾಗಲಿದೆ. ಬೆಳಗಿನ ಹದಿನೈದು ನಿಮಿಷ, ಕಾಂಕ್ರೀಟ್ ದಿನದ ಕಂಬಿಯವನ ಕೂಲಿ, ತೋರಿಸಿದ ತಪ್ಪನ್ನು ತಿದ್ದಲು ಕೂಲಿ, ಈ ಮೂರೂ ಕರಾರಿನಲ್ಲೇ ಬಂದಿವೆ. ಕಂಟ್ರಾಕ್ಟರು ಅವನ್ನು ಮೊದಲೇ ರೇಟಿಗೆ ಸೇರಿಸಿಕೊಂಡಿದ್ದಾರೆ. ಅಜ್ಜ ಈ ಸಲ ಪೊದೆ ಕಡಿಯುವ ಮೊದಲೇ ಇಂಜಿನಿಯರ್‌ಗೆ ಫೋನ್ ಮಾಡಿಸಿ, ಹಾಲ್ ಬರುವ ಕಡೆ ಸುರಂಗ ಇಲ್ಲ, ಆದರೆ ಹಳೆಯ ಒಂದು ಬಾವಿ ಮುಚ್ಚಿದ್ದುಂಟು ಎಂದಿದ್ದಾರೆ. ಪ್ಲಂಬರುಗಳ ಜೊತೆ ಮಾತು ಮುಗಿದಿಲ್ಲ. ಸ್ಲ್ಯಾಬಿನ ಹಿಂದಿನ ದಿನ ಸೈಟಿಗೆ ಬಂದು ನಿಲ್ಲಲು ಅವರು ಬೇರೆ ಹಣ ಕೇಳುತ್ತಿದ್ದಾರೆ. ಕೊಡುವುದೇ ಸರಿ ಎಂದು ಸಮಿತಿಗೆ ಬರೆದುಕೊಟ್ಟಿದ್ದೇನೆ.